ಮಳೆಗಾಲದಲ್ಲಿ ಮನೆ ಬದಲಾವಣೆ: ತಿಳಿದಿರಬೇಕಾದ ಸಂಗತಿಗಳು

ನೈರುತ್ಯ ಮುಂಗಾರು ಸಾಮಾನ್ಯವಾಗಿ ಜೂನ್ 1ರ ಆಸುಪಾಸಿನಲ್ಲಿ ಕೇರಳವನ್ನು ಪ್ರವೇಶಿಸಿ, ಕೆಲವೇ ದಿನಗಳಲ್ಲಿ ಕರ್ನಾಟಕದ ಕರಾವಳಿಯನ್ನು ತಲುಪುತ್ತದೆ. ರಾಜ್ಯದ ಶಾಲೆಗಳು ಪುನರಾರಂಭವಾಗುವುದೂ ಇದೇ ವೇಳೆಗೆ. ಮಕ್ಕಳ ಶಾಲೆ, ನೌಕರಿಯ ವರ್ಗಾವಣೆ, ಬಾಡಿಗೆ ಕರಾರಿನ ಮುಕ್ತಾಯ ಇವೆಲ್ಲ ಒಟ್ಟಿಗೆ ಕೂಡಿಬಂದು ಅನೇಕ ಕುಟುಂಬಗಳು ಮಳೆಯ ನಡುವೆಯೇ ಮನೆ ಬದಲಿಸಬೇಕಾಗುತ್ತದೆ. ನೆನೆದ ಹಾಸಿಗೆಯನ್ನು ಒಣಗಿಸಿಕೊಳ್ಳಬಹುದು. ನೆನೆದು ಹಾಳಾದ ಅಂಕಪಟ್ಟಿ, ಕ್ರಯಪತ್ರಗಳಿಗೆ ಕಚೇರಿಗಳನ್ನು ಅಲೆಯಬೇಕು. ತೇವ ಹಿಡಿದ ಗೋಡೆಯ ಸ್ವಿಚ್ಚಾದರೋ ಪ್ರಾಣಕ್ಕೇ ಎರವಾದೀತು.

ದಿನ ಮತ್ತು ವೇಳೆ

ಆಷಾಢ ಮಾಸದಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸಬಾರದೆಂಬ ನಂಬಿಕೆ ರಾಜ್ಯದ ಹಲವೆಡೆ ಇದೆ. ಹೀಗಾಗಿ ಆಷಾಢಕ್ಕೆ ಮುಂಚಿನ ದಿನಗಳಲ್ಲೂ ಶ್ರಾವಣದ ಆರಂಭದಲ್ಲೂ ವಾಹನ ಮತ್ತು ಕೂಲಿಯಾಳುಗಳಿಗೆ ಬೇಡಿಕೆ ಏರುತ್ತದೆ. ಬೆಂಗಳೂರಿನಲ್ಲಿ ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ ಅಥವಾ ಸಂಜೆ ಸುರಿಯುವುದರಿಂದ ಬೆಳಗಿನ ಜಾವವೇ ಸಾಗಣೆಗೆ ಸೂಕ್ತ. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್, ಜುಲೈ ತಿಂಗಳಲ್ಲಿ ಮಳೆ ದಿನವಿಡೀ ಬಿಡದೆ ಸುರಿಯಬಹುದಾದ್ದರಿಂದ ಅಲ್ಲಿ ವೇಳೆಗಿಂತ ಹೊದಿಕೆಯೇ ಮುಖ್ಯ. ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ನೀಡಿದ ದಿನ ಸಾಗಣೆಯನ್ನು ಮುಂದೂಡುವುದೇ ಲೇಸು.

ಮನೆ ಒಪ್ಪುವ ಮುನ್ನ

ಮಳೆಗಾಲದಲ್ಲಿ ಮನೆ ಹುಡುಕುವುದರಿಂದ ಒಂದು ಅನುಕೂಲವೂ ಉಂಟು. ಬೇಸಿಗೆಯಲ್ಲಿ ಮರೆಯಾಗಿರುವ ದೋಷಗಳು ಆಗ ಕಣ್ಣಿಗೆ ಬೀಳುತ್ತವೆ. ಚಾವಣಿಯ ಮೂಲೆಗಳ ಕಲೆ, ಗೋಡೆಯ ಬುಡದಲ್ಲಿ ಉಬ್ಬಿದ ಬಣ್ಣ, ಕಿಟಕಿಯ ಕೆಳಗಿನ ತೇವ ಇವನ್ನು ಗಮನಿಸಬೇಕು. ಸಂಪಿನ ಬಾಯಿ ಅಂಗಳದ ಮಟ್ಟಕ್ಕಿಂತ ಎತ್ತರದಲ್ಲಿದೆಯೇ, ರಾಜಕಾಲುವೆ ಸಮೀಪದಲ್ಲಿದೆಯೇ ಎಂಬುದನ್ನು ನೆರೆಹೊರೆಯವರಲ್ಲಿ ವಿಚಾರಿಸಬೇಕು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಂಗಳೂರಿನ ಸರ್ಜಾಪುರ ರಸ್ತೆ, ಬೆಳ್ಳಂದೂರು ಸುತ್ತಮುತ್ತಲ ಬಡಾವಣೆಗಳು ಜಲಾವೃತವಾಗಿ, ನಿವಾಸಿಗಳನ್ನು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಹೊರತರಬೇಕಾಯಿತು. ದುಬಾರಿ ಬಾಡಿಗೆ ಕೊಟ್ಟರೆ ನೆರೆಯಿಂದ ರಕ್ಷಣೆ ದೊರೆಯುತ್ತದೆಂಬ ಭರವಸೆ ಇಲ್ಲವೆಂದು ಆ ಘಟನೆ ತೋರಿಸಿಕೊಟ್ಟಿತು.

ಕರಾರು ಮತ್ತು ಮುಂಗಡ

1908ರ ನೋಂದಣಿ ಕಾಯಿದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರು ರೂಢಿಗೆ ಬಂದಿರುವುದು ಇದೇ ಕಾರಣದಿಂದ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಗರಿಷ್ಠ 2 ತಿಂಗಳ ಬಾಡಿಗೆಯಷ್ಟು ಮುಂಗಡವನ್ನು ಸೂಚಿಸಿದೆಯಾದರೂ, ರಾಜ್ಯವೊಂದು ಅಳವಡಿಸಿಕೊಂಡರಷ್ಟೇ ಅದು ಅಲ್ಲಿ ಜಾರಿಗೆ ಬರುತ್ತದೆ. ಬೆಂಗಳೂರಿನಲ್ಲಿ 10 ತಿಂಗಳ ಮುಂಗಡ ಬಹುಕಾಲದ ವಾಡಿಕೆಯಾಗಿತ್ತು. ಇಷ್ಟು ಮೊತ್ತ ಮಾಲೀಕರ ಕೈಯಲ್ಲಿರುವಾಗ, ಮನೆ ಬಿಡುವ ದಿನ ಸೋರಿಕೆಯ ಕಲೆಗಳ ಖರ್ಚೂ ಬಾಡಿಗೆದಾರರ ತಲೆಗೇ ಬೀಳುವ ಸಂಭವವಿದೆ. ಬೀಗದ ಕೈ ಪಡೆದ ದಿನವೇ ಗೋಡೆ, ಚಾವಣಿಗಳ ಛಾಯಾಚಿತ್ರ ತೆಗೆದು ಮಾಲೀಕರಿಗೆ ಕಳುಹಿಸಿದರೆ ಮುಂದಿನ ವಿವಾದ ತಪ್ಪುತ್ತದೆ.

ಸಾಮಾನು ಕಟ್ಟುವಾಗ

ರಟ್ಟಿನ ಪೆಟ್ಟಿಗೆ ನೆನೆದೊಡನೆ ಬಲ ಕಳೆದುಕೊಂಡು ತಳ ಬಿಚ್ಚಿಕೊಳ್ಳುತ್ತದೆ. ಪುಸ್ತಕ, ಬಟ್ಟೆಗಳನ್ನು ಮೊದಲು ಪ್ಲಾಸ್ಟಿಕ್ ಚೀಲದಲ್ಲಿಟ್ಟು ನಂತರ ಪೆಟ್ಟಿಗೆಗೆ ಸೇರಿಸಬೇಕು. ಮೇಲ್ಛಾವಣಿಯಿಲ್ಲದ ಚಿಕ್ಕ ಲಾರಿಯಾದರೆ ಸಾಮಾನಿನ ಅಡಿಗೂ ಮೇಲಕ್ಕೂ ಟಾರ್ಪಾಲು ಅಗತ್ಯ. ಹತ್ತಿಯ ಹಾಸಿಗೆ ಒಮ್ಮೆ ನೀರು ಕುಡಿದರೆ ಮಳೆಗಾಲದಲ್ಲಿ ಒಣಗುವುದು ಕಷ್ಟವಾದ್ದರಿಂದ ಅದನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತುವುದು ಒಳಿತು. ದಾಖಲೆಪತ್ರ, ಒಡವೆ, ಔಷಧಿಗಳು ಮನೆಯವರ ಕೈಯಲ್ಲೇ ಇರಬೇಕು.

ವಿದ್ಯುತ್, ಅನಿಲ, ಫ್ರಿಜ್

ಹೊಸ ಮನೆಯಲ್ಲಿ ಮೊದಲು ಮೇನ್ ಸ್ವಿಚ್ ಬಂದ್ ಮಾಡಿ, ಸ್ವಿಚ್ಚು, ಸಾಕೆಟ್ಟುಗಳಲ್ಲಿ ತೇವವಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರಿಶೀಲಿಸಿಕೊಳ್ಳಬೇಕು. ಗೋಡೆ ಮುಟ್ಟಿದಾಗ ಜುಮ್ಮೆನ್ನುವ ಮನೆಯಲ್ಲಿ ಅದು ಸರಿಹೋಗುವವರೆಗೆ ವಾಸ ಬೇಡ. ಫ್ರಿಜ್ಜನ್ನು ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದಾಗ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿಯುವುದರಿಂದ, ಹಲವು ಗಂಟೆ ನೆಟ್ಟಗೆ ನಿಲ್ಲಿಸಿದ ಮೇಲಷ್ಟೇ ಚಾಲೂ ಮಾಡಬೇಕು. ಬೇರೆ ಊರಿಗೆ ಹೋಗುವವರು ಸಿಲಿಂಡರ್, ರೆಗ್ಯುಲೇಟರನ್ನು ಅನಿಲ ವಿತರಕರಿಗೆ ಒಪ್ಪಿಸಿ ವರ್ಗಾವಣೆಯ ಚೀಟಿ ಪಡೆಯತಕ್ಕದ್ದು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಹಳೆಯ ಮನೆಯ ಆರ್.ಆರ್. ಸಂಖ್ಯೆಯ ಜೋಡಣೆಯನ್ನು ರದ್ದುಪಡಿಸಿ, ಹೊಸ ಸಂಖ್ಯೆಗೆ ಅರ್ಜಿ ಸಲ್ಲಿಸಬೇಕು.

ಹಾನಿಯಾದಲ್ಲಿ

2007ರ ರಸ್ತೆ ಸರಕು ಸಾಗಣೆ ಕಾಯಿದೆಯಂತೆ, ಸಾಗಣೆದಾರರ ವಿರುದ್ಧ ದಾವೆ ಹೂಡುವ ಮುನ್ನ, ಸರಕನ್ನು ಬುಕ್ ಮಾಡಿದ 180 ದಿನಗಳೊಳಗೆ ಹಾನಿಯ ಬಗ್ಗೆ ಲಿಖಿತ ನೋಟಿಸು ಕೊಟ್ಟಿರಬೇಕು. ಆದ್ದರಿಂದ ರಸೀದಿ ಮತ್ತು ಸಾಮಾನಿನ ಪಟ್ಟಿ ಇಲ್ಲದೆ ವಾಹನ ಹೊರಡಿಸುವುದು ಸಲ್ಲದು. ಬೆಲೆಬಾಳುವ ವಸ್ತುಗಳ ಮೌಲ್ಯವನ್ನು ಮೊದಲೇ ಘೋಷಿಸಿ ಬರೆಸುವುದು ಕ್ಷೇಮ.

ಕೊನೆಗೆ ಏರಿಸಿ ಮೊದಲು ಇಳಿಸಬೇಕಾದ ಚೀಲವೊಂದಿರಲಿ. ಒಣ ಬಟ್ಟೆ, ಹೊದಿಕೆ, ಟಾರ್ಚು, ಬೆಂಕಿಪೊಟ್ಟಣ, ಹಾಲು ಕಾಯಿಸುವ ಪಾತ್ರೆ ಅದರಲ್ಲಿದ್ದರೆ, ಉಳಿದ ಪೆಟ್ಟಿಗೆಗಳು ಬಿಚ್ಚದೆಯೇ ಮೊದಲ ರಾತ್ರಿ ನೆಮ್ಮದಿಯಿಂದ ಕಳೆಯುತ್ತದೆ.