ಅಕಲೇಸಿಯ ಮತ್ತು ಅನ್ನನಾಳದ ಕ್ಯಾನ್ಸರ್

ನುಂಗಿದ ಆಹಾರವು ಜಠರಕ್ಕೆ ಇಳಿಯಬೇಕಾದರೆ ಅನ್ನನಾಳದ ಕೆಳತುದಿಯ ಬಿಗಿಸ್ನಾಯು ಸಡಿಲಗೊಳ್ಳಬೇಕು. ಅದನ್ನು ಸಡಿಲಿಸುವ ನರಕೋಶಗಳು ನಾಳದ ಗೋಡೆಯಲ್ಲಿ ನಶಿಸಿ, ಆಹಾರವನ್ನು ಕೆಳಕ್ಕೆ ತಳ್ಳುವ ಅಲೆಯಂಥ ಸಂಕೋಚನವೂ ನಿಂತುಹೋಗುವ ದೀರ್ಘಕಾಲದ ರೋಗವೇ ಅಕಲೇಸಿಯ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1674ರಲ್ಲಿ ಇಂಥ ರೋಗಿಯೊಬ್ಬನನ್ನು ವರ್ಣಿಸಿದ್ದಾನೆ.

ಇಳಿಯದ ಆಹಾರವು ಹಿಗ್ಗಿದ ನಾಳದಲ್ಲಿ ಗಂಟೆಗಟ್ಟಲೆ ನಿಂತು ಹುಳಿಯುತ್ತದೆ. ಅಲ್ಲಿ ಹೆಚ್ಚುವ ಬ್ಯಾಕ್ಟೀರಿಯಾಗಳಿಂದ ನೈಟ್ರೋಸಮೀನ್‌ಗಳೆಂಬ ಕ್ಯಾನ್ಸರ್‌ಕಾರಕ ವಸ್ತುಗಳು ಉಂಟಾಗಬಹುದೆಂದು ಭಾವಿಸಲಾಗಿದೆ. ವರ್ಷಗಟ್ಟಲೆ ಉರಿಯೂತಕ್ಕೆ ಒಳಗಾದ ಒಳಪೊರೆಯ ಚಪ್ಪಟೆ ಕೋಶಗಳು ಮೊದಲು ವಿಕಾರಗೊಂಡು, ಬಳಿಕ ಕೆಲವರಲ್ಲಿ ಸ್ಕ್ವಾಮಸ್ ಕೋಶದ ಕ್ಯಾನ್ಸರ್ ಆಗಿ ಬೆಳೆಯುತ್ತವೆ. ಬಹುಪಾಲು ರೋಗಿಗಳಿಗೆ ಕ್ಯಾನ್ಸರ್ ಬರುವುದಿಲ್ಲ. ಬಂದವರಲ್ಲಿ ಸಾಮಾನ್ಯವಾಗಿ ರೋಗ ಆರಂಭವಾಗಿ ದಶಕವೋ ಎರಡು ದಶಕವೋ ಕಳೆದಿರುತ್ತದೆ. ನಿಜವಾದ ಅಪಾಯವಿರುವುದು ವಿಳಂಬದಲ್ಲಿ: ನುಂಗಲು ಕಷ್ಟಪಡುವುದು ಅಭ್ಯಾಸವಾಗಿಬಿಟ್ಟವರು ಹೊಸ ತೊಂದರೆಯನ್ನೂ ಹಳೆಯ ರೋಗದ್ದೆಂದೇ ತಿಳಿಯುತ್ತಾರೆ, ಅಗಲವಾದ ನಾಳವು ಗಡ್ಡೆ ದೊಡ್ಡದಾಗುವವರೆಗೆ ಅಡಚಣೆಯನ್ನು ತೋರಗೊಡುವುದಿಲ್ಲ.

ಬಿಗಿಸ್ನಾಯುವನ್ನು ಕತ್ತರಿಸುವ, 1913ರಲ್ಲಿ ಅರ್ನ್‌ಸ್ಟ್ ಹೆಲ್ಲರ್ ಮೊದಲು ನಡೆಸಿದ ಶಸ್ತ್ರಚಿಕಿತ್ಸೆಯು ಆಹಾರದ ದಾರಿಯನ್ನು ತೆರೆಯುತ್ತದಾದರೂ ಕ್ಯಾನ್ಸರಿನ ಸಾಧ್ಯತೆಯನ್ನು ಪೂರ್ತಿಯಾಗಿ ಅಳಿಸುವುದಿಲ್ಲ. ತೆರೆದ ದಾರಿಯಿಂದ ಜಠರದ ಆಮ್ಲ ಮೇಲೇರಿ, ಕೆಲವರಲ್ಲಿ ಒಳಪೊರೆಯ ಸ್ವರೂಪವನ್ನೇ ಬದಲಿಸಿ, ಗ್ರಂಥಿಕೋಶದ ಕ್ಯಾನ್ಸರಿಗೆ ಎಡೆಮಾಡುವುದೂ ಉಂಟು.