ಗಿಟಾರ್ ಧ್ವನಿಸಂಸ್ಕರಣದಲ್ಲಿ ಸೈಡ್‌ಚೈನ್

ಸೈಡ್‌ಚೈನ್: ಒಂದು ಧ್ವನಿಯ ಏರಿಳಿತವನ್ನು ಅಳೆದು, ಆ ಅಳತೆಗನುಸಾರವಾಗಿ ಅದೇ ಧ್ವನಿಯನ್ನಾಗಲಿ ಬೇರೊಂದನ್ನಾಗಲಿ ನಿಯಂತ್ರಿಸುವ ಪಾರ್ಶ್ವಪಥ. ಈ ಪಥದಲ್ಲಿ ಹರಿಯುವ ಸಂಕೇತವು ಶ್ರೋತೃವಿನ ಕಿವಿಗೆ ಬೀಳದು. ಆಜ್ಞಾಪಿಸುವುದಷ್ಟೇ ಅದರ ಕಾರ್ಯ. ಗಿಟಾರ್ ವಾದನದಲ್ಲಿ ಇದರ ಇತಿಹಾಸವೆಂಬುದು, ಧ್ವನಿಯನ್ನು ಯಾವ ಸ್ಥಾನದಲ್ಲಿ ಅಳೆಯಬೇಕೆಂಬ ವಿವೇಕವು ಕ್ರಮೇಣ ಪಕ್ವಗೊಂಡ ಇತಿಹಾಸವೇ ಆಗಿದೆ.

ಇದರ ಮೂಲ ರೇಡಿಯೋ ಪ್ರಸಾರದಲ್ಲಿದೆ. ಪ್ರೇಷಕಯಂತ್ರದ ಶಕ್ತಿಯನ್ನು ಮೀರಿದ ಧ್ವನಿಶಿಖರಗಳನ್ನು ತಗ್ಗಿಸಲು 1937ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯು ಹೊರತಂದ 110ಎ ಎಂಬ ಯಂತ್ರದಂಥವುಗಳಲ್ಲಿ ಅಳೆಯುವ ಪಥವೂ ಕೇಳಿಸುವ ಪಥವೂ ಬೇರೆಬೇರೆಯಾಗಿದ್ದವು. ಅಳೆಯುವ ಪಥಕ್ಕೆ ಹೊರಗಿನಿಂದ ಮತ್ತೊಂದು ಧ್ವನಿಯನ್ನು ಕೊಡುವುದು ಸಾಧ್ಯವಾದಾಗ, ಉದ್ಘೋಷಕನು ಮಾತಾಡಿದೊಡನೆ ಹಿನ್ನೆಲೆಯ ಸಂಗೀತ ತಾನಾಗಿಯೇ ತಗ್ಗುವ ಏರ್ಪಾಟು ಲಭಿಸಿತು. ಗಿಟಾರಿನಲ್ಲಿ ಅಳೆದು ನಿಯಂತ್ರಿಸುವ ಈ ತತ್ತ್ವವನ್ನು ಪ್ರಸಿದ್ಧಿಗೆ ತಂದುದು, ತಂತಿಯನ್ನು ಮೀಟಿದ ಬಲಕ್ಕೆ ತಕ್ಕಂತೆ ತೆರೆದು ಮುಚ್ಚುವ ಶೋಧಕವುಳ್ಳ 1972ರ ಮ್ಯೂ-ಟ್ರಾನ್ 3 ಪೆಡಲು.

ಆದರೆ ಈ ಉಪಾಯದ ನಿಜವಾದ ಉಪಕಾರವನ್ನು ಅರಿಯಬೇಕಾದರೆ, ಧ್ವನಿಯ ಮಟ್ಟ ತಗ್ಗಿದೊಡನೆ ಅದನ್ನು ಮುಚ್ಚಿಬಿಡುವ ನಾಯ್ಸ್ ಗೇಟನ್ನು ನೋಡಬೇಕು. ಅರಸೀಕೆರೆಯ ಗಣಪತಿ ಉತ್ಸವದಲ್ಲಾಗಲಿ, ಬೇಲೂರು ಹಳೇಬೀಡುಗಳ ಹೊಯ್ಸಳ ಮಹೋತ್ಸವದಂಥ ಬಯಲುವೇದಿಕೆಯಲ್ಲಾಗಲಿ, ಆರ್ಕೆಸ್ಟ್ರಾದ ಗಿಟಾರ್ ವಾದಕನ ಸುತ್ತ ದೀಪಮಾಲೆ, ಟ್ರಾನ್ಸ್‌ಫಾರ್ಮರು, ವಿದ್ಯುತ್ತಂತಿಗಳು ಹರಡಿಕೊಂಡಿರುವುದು ಸಾಮಾನ್ಯ. ತಂತಿಯ ಕಂಪನವನ್ನು ವಿದ್ಯುತ್ಸಂಕೇತವಾಗಿಸುವ ಸಿಂಗಲ್ ಕಾಯಿಲ್ ಪಿಕಪ್ಪು ಅವುಗಳ ಕಾಂತಕ್ಷೇತ್ರವನ್ನು ಹೀರಿ, ನಮ್ಮ ದೇಶದ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗಾನವನ್ನು ನಾದದೊಡನೆ ಬೆರೆಸುತ್ತದೆ. ಮೀಟಿದ ನಾದಕ್ಕೂ ಈ ಗುಂಯ್‌ಗಾನಕ್ಕೂ ಗಿಟಾರಿನಿಂದ ಹೊರಟಾಗ ಪ್ರಬಲವಾದ ಅಂತರವಿರುತ್ತದೆ. ಡಿಸ್ಟಾರ್ಷನ್ ಪೆಡಲನ್ನು ದಾಟಿದ ಮೇಲೆ, ಸಣ್ಣದನ್ನು ಹಿಗ್ಗಿಸಿ ದೊಡ್ಡದನ್ನು ಕತ್ತರಿಸುವ ಅದರ ಸ್ವಭಾವದಿಂದಾಗಿ, ಎರಡೂ ಬಹುಮಟ್ಟಿಗೆ ಸಮನಾಗಿಬಿಡುತ್ತವೆ. ಅಲ್ಲಿಯೇ ಅಳೆದು ಅಲ್ಲಿಯೇ ಮುಚ್ಚುವ ಗೇಟು, ಕ್ಷೀಣಿಸುತ್ತಿರುವ ಸ್ವರವನ್ನೂ ಗುಂಯ್‌ಗಾನದೊಡನೆ ಕಡಿದುಹಾಕುವುದು ಅನಿವಾರ್ಯ. 1987ರಲ್ಲಿ ಬಂದ ಬಾಸ್ ಸಂಸ್ಥೆಯ ಎನ್‌ಎಸ್-2 ಇದಕ್ಕೆ ಕಂಡುಕೊಂಡ ಪರಿಹಾರ ಸರಳವೂ ಪ್ರಶಂಸನೀಯವೂ ಆದುದು: ಅಳೆಯುವುದು ಗಿಟಾರಿನ ಶುದ್ಧ ಧ್ವನಿಯನ್ನು, ಮುಚ್ಚುವುದು ಪೆಡಲುಗಳನ್ನು ದಾಟಿಬಂದ ಧ್ವನಿಯನ್ನು. ಗಿಟಾರಿನ ಅತ್ಯಂತ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ಕಂಪಿಸುವುದರಿಂದ, ಅಳೆಯುವ ಪಥದಲ್ಲಿ ಅದಕ್ಕಿಂತ ಕೆಳಗಿನದನ್ನು ಶೋಧಿಸಿ ತೆಗೆದರೆ ಗುಂಯ್‌ಗಾನದ ಮೂಲಾಂಶಕ್ಕೆ ಗೇಟು ಮೋಸಹೋಗದು. 100, 150 ಹರ್ಟ್ಸ್ ಮುಂತಾದ ಅನುಸ್ವರಗಳು ಮಾತ್ರ ಉಳಿಯುತ್ತವೆ.

ಇದಕ್ಕೆ ಮೊದಲೇ, 1985ರಲ್ಲಿ, ಡೆನ್ಮಾರ್ಕಿನ ಟಿಸಿ ಎಲೆಕ್ಟ್ರಾನಿಕ್ ಸಂಸ್ಥೆಯ 2290 ಎಂಬ ಡಿಜಿಟಲ್ ಡಿಲೇ ಯಂತ್ರವು ವಾದಕನು ನುಡಿಸುತ್ತಿರುವಷ್ಟು ಹೊತ್ತು ಪ್ರತಿಧ್ವನಿಯನ್ನು ತಗ್ಗಿಸಿ, ಅವನು ವಿರಮಿಸಿದಾಗ ಅದನ್ನು ಅರಳಿಸುವ ವಿದ್ಯೆಯನ್ನು ಸಾಧಿಸಿತ್ತು. ವೇಗದ ನುಡಿಸಾಣಿಕೆಯ ಸ್ಪಷ್ಟತೆಗೂ ನಿಧಾನಗತಿಯ ಗಾಂಭೀರ್ಯಕ್ಕೂ ಏಕಕಾಲದಲ್ಲಿ ನ್ಯಾಯ ಸಲ್ಲಿಸಿದ ಈ ಯಂತ್ರವನ್ನು ಗಿಟಾರ್ ಸೈಡ್‌ಚೈನಿನ ಅತ್ಯಂತ ಸಂಗೀತಮಯವಾದ ಪ್ರಯೋಗವೆಂದು ಈ ಲೇಖಕನು ಭಾವಿಸುತ್ತಾನೆ.

ಮುಂದಿನದು ಗಣಕದ ಕಾಲ. 1998ರ ಲೈನ್ 6 ಪಾಡ್, 2006ರ ಆಕ್ಸ್-ಎಫ್‌ಎಕ್ಸ್ ಮುಂತಾದವು ಪೆಡಲುಗಳ ಇಡೀ ಸಾಲನ್ನು ಒಂದೇ ಪೆಟ್ಟಿಗೆಯೊಳಗೆ ಗಣಿತವಾಗಿಸಿದವು. 2008ರ ವಿಎಸ್‌ಟಿ 3 ಎಂಬ ಪ್ಲಗಿನ್ ಮಾನದಂಡವು ಸೈಡ್‌ಚೈನ್ ಪ್ರವೇಶವನ್ನು ತಂತ್ರಾಂಶಗಳ ಸ್ವಭಾವಸಿದ್ಧ ಅಂಗವನ್ನಾಗಿಸಿತು. ಮುಖ್ಯಧ್ವನಿಯನ್ನು ಕೆಲವು ಮಿಲಿಸೆಕೆಂಡುಗಳಷ್ಟು ತಡೆದು, ಅಳೆಯುವ ಪಥಕ್ಕೆ ಮುಂದಿನದನ್ನು ಮೊದಲೇ ತಿಳಿಸುವುದು ಇಲ್ಲಿ ಸುಲಭವಾಯಿತು. 

ಬಾಸ್ ಜಿಟಿ-100ರಂಥ ಮಲ್ಟಿಎಫೆಕ್ಟ್ ಯಂತ್ರದಲ್ಲಿಯೂ ನಾಯ್ಸ್ ಸಪ್ರೆಸರ್ ಎಂಬ ಗೇಟಿನ ಅಡಿಯಲ್ಲಿ, ಎಲ್ಲಿ ಅಳೆಯಬೇಕೆಂಬುದನ್ನು ಆರಿಸುವ ‘ಡಿಟೆಕ್ಟ್’ ಎಂಬ ಆಯ್ಕೆಯುಂಟು. ನಮ್ಮ ಉತ್ಸವವೇದಿಕೆಗಳ ವಾದಕರು ಅದನ್ನು ‘ಇನ್‌ಪುಟ್’ ಎಂಬುದಕ್ಕೆ ತಿರುಗಿಸಿ, ತಂತಿಗಳನ್ನು ಅಂಗೈಯಿಂದ ಮುಚ್ಚಿಹಿಡಿದು, ಗುಂಯ್‌ಗಾನ ಅಡಗುವಷ್ಟಕ್ಕೆ ಮಾತ್ರ, ಗೇಟು ಮುಚ್ಚತೊಡಗುವ ಮಟ್ಟವಾದ ಥ್ರೆಶೋಲ್ಡನ್ನು ಏರಿಸಿ ನಿಲ್ಲಿಸಬೇಕು. ಅದಕ್ಕಿಂತ ಹೆಚ್ಚು ಏರಿಸಿದಷ್ಟೂ ಕ್ಷೀಣಿಸುವ ಸ್ವರದ ಬಾಲ ಕಡಿದುಹೋಗುತ್ತದೆ.