ಆಕ್ಸಲ್ ಆಕಸ್ಮಿಕವಾಗಿ ಮುರಿಯುವುದಿಲ್ಲ

ಜಿಲ್ಲಾ ಪುಟಗಳಿಗೆ ಸುದ್ದಿ ಕಳಿಸುವ ನಮ್ಮಂಥವರಿಗೆ ಒಂದು ಸಾಲು ಬಾಯಿಪಾಠ ಆಗಿದೆ: ‘ಆಕ್ಸಲ್ ಆಕಸ್ಮಿಕವಾಗಿ ತುಂಡಾಗಿ ವಾಹನ ಪಲ್ಟಿಯಾಗಿದೆ’. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರು, ಜಾತ್ರೆಯ ದಿನಗಳಲ್ಲಿ ಟೆಂಪೊ, ಮದುವೆಯ ಕಾಲದಲ್ಲಿ ಬಾಡಿಗೆ ಕಾರು. ಊರು ಬದಲಾಗುತ್ತದೆ, ಸಾಲು ಬದಲಾಗುವುದಿಲ್ಲ. ಚಾಲಕ ಹೇಳುವುದೂ ಅದನ್ನೇ, ಠಾಣೆಯಲ್ಲಿ ಬರೆದುಕೊಳ್ಳುವುದೂ ಅದನ್ನೇ. ‘ಬೆಳಿಗ್ಗೆ ಚೆನ್ನಾಗಿಯೇ ಇತ್ತು ಸಾರ್’ ಎನ್ನುವ ಮಾತು ಬಹುಪಾಲು ಸುಳ್ಳೂ ಅಲ್ಲ.

ಹಾಗಾದರೆ ಬೆಳಿಗ್ಗೆ ಚೆನ್ನಾಗಿದ್ದ ಕಬ್ಬಿಣ ಸಂಜೆಗೆ ಹೇಗೆ ಮುರಿಯುತ್ತದೆ? ಈ ಪ್ರಶ್ನೆಯನ್ನು ಜಗತ್ತು 180 ವರ್ಷಗಳ ಹಿಂದೆ ಬಹಳ ದೊಡ್ಡ ಬೆಲೆ ತೆತ್ತು ಕೇಳಿಕೊಂಡಿತು. ಕಾರಿನ ಆಕ್ಸಲ್ ಯಾವಾಗ ಬದಲಾಯಿಸಬೇಕು ಎಂದು ಇವತ್ತು ನಮ್ಮ ಗ್ಯಾರೇಜಿನಲ್ಲಿ ಮೇಸ್ತ್ರಿ ಕೊಡುವ ಉತ್ತರದ ಬೇರು ಅಲ್ಲಿದೆ.

ಕೀಲೆಣ್ಣೆಯ ಕಾಲ

ಮೊದಲು ಎತ್ತಿನ ಗಾಡಿಯಿಂದ ಶುರು ಮಾಡೋಣ. ಗಾಡಿಯ ಅಚ್ಚು, ಕೆಲವು ಕಡೆ ಇರಸು ಎನ್ನುತ್ತಾರೆ, ತಾನು ತಿರುಗುವುದಿಲ್ಲ. ಅದು ಗಾಡಿಯ ಕೆಳಗೆ ಅಲ್ಲಾಡದೆ ಕೂತಿರುತ್ತದೆ, ಗಾಲಿ ಮಾತ್ರ ಅದರ ತುದಿಯ ಮೇಲೆ ತಿರುಗುತ್ತದೆ. ಗಾಲಿ ಕಳಚಿ ಹೋಗದಂತೆ ಹೊರಗೆ ಕಡಾಣಿ, ಉಜ್ಜಿ ಸವೆಯದಂತೆ ಒಳಗೆ ಕೀಲೆಣ್ಣೆ. ಎಣ್ಣೆ ಒಣಗಿದರೆ ಗಾಡಿಯೇ ಕಿರುಗುಟ್ಟಿ ಕೇಳುತ್ತದೆ. ಅಚ್ಚು ಸವೆದರೆ ಗಾಲಿ ವಾಲಾಡುತ್ತದೆ, ಹಿಂದೆ ಬರುವವನ ಕಣ್ಣಿಗೂ ಕಾಣುತ್ತದೆ. ಸವೆತ ಎನ್ನುವುದು ಹೀಗೆ ಸದ್ದು ಮಾಡುವ ಕಾಯಿಲೆ. ನಮ್ಮ ಹಿರಿಯರು ಅದನ್ನು ಕಿವಿಯಿಂದಲೇ ಗುರುತಿಸುತ್ತಿದ್ದರು.

ರೈಲು ಬಂದಾಗ ಈ ಲೆಕ್ಕ ತಪ್ಪಿತು. ರೈಲಿನಲ್ಲಿ ಎರಡು ಗಾಲಿಗಳನ್ನು ಅಚ್ಚಿಗೆ ಬಿಗಿಯಾಗಿ ಕೂರಿಸಿರುತ್ತಾರೆ. ಗಾಲಿಯ ಜೊತೆ ಅಚ್ಚೂ ತಿರುಗುತ್ತದೆ. ಮೇಲಿನ ಭಾರಕ್ಕೆ ಅಚ್ಚು ಕೂದಲೆಳೆಯಷ್ಟು ಬಾಗುತ್ತದೆ. ಬಾಗಿದ ಕಡೆ ಒಂದು ಮೈ ಹಿಗ್ಗುತ್ತದೆ, ಎದುರಿನ ಮೈ ಕುಗ್ಗುತ್ತದೆ. ಅರ್ಧ ಸುತ್ತು ತಿರುಗಿದರೆ ಹಿಗ್ಗಿದ್ದು ಕುಗ್ಗುತ್ತದೆ, ಕುಗ್ಗಿದ್ದು ಹಿಗ್ಗುತ್ತದೆ. ಪ್ರತಿ ಸುತ್ತಿಗೂ ಹೀಗೆ. ಬೇಲಿಯ ತಂತಿಯನ್ನು ಕತ್ತರಿ ಇಲ್ಲದೆ ತುಂಡು ಮಾಡಲು ನಾವು ಆ ಕಡೆ ಈ ಕಡೆ ಬಗ್ಗಿಸುತ್ತೇವಲ್ಲ, ಅದೇ ಕೆಲಸ ಇಲ್ಲಿ ಬಹಳ ಸಣ್ಣದಾಗಿ, ಲಕ್ಷಾಂತರ ಸಲ ನಡೆಯುತ್ತದೆ.

1842ರ ಮೇ 8

ಆ ದಿನ ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ ರಾಜ ಲೂಯಿ ಫಿಲಿಪ್‌ನ ಗೌರವಾರ್ಥ ಉತ್ಸವ. ಸಂಜೆ ಪ್ಯಾರಿಸ್‌ಗೆ ವಾಪಸಾಗುವ ರೈಲು ಜನರಿಂದ ಕಿಕ್ಕಿರಿದಿತ್ತು. ಮೆದೋಂ ಬಳಿ ಮುಂದಿನ ಎಂಜಿನ್ನಿನ ಅಚ್ಚು ಮುರಿಯಿತು. ಹಿಂದಿನ ಎಂಜಿನ್ನು, ಅದರ ಹಿಂದಿನ ಡಬ್ಬಿಗಳು ಒಂದರ ಮೇಲೊಂದು ಹತ್ತಿ ಬೆಂಕಿ ಹೊತ್ತಿಕೊಂಡವು. ಆಗಿನ ಪದ್ಧತಿಯಂತೆ ಡಬ್ಬಿಗಳ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರು. 50ಕ್ಕೂ ಹೆಚ್ಚು ಜನ ಸತ್ತರು. ದಕ್ಷಿಣ ಧ್ರುವದ ಹಿಮಸಾಗರ ಸುತ್ತಿ ಬದುಕಿ ಬಂದಿದ್ದ ನಾವಿಕ ದ್ಯೂಮೋಂ ದ್ಯುರ್ವಿಲ್ ಹೆಂಡತಿ, ಮಗನ ಜೊತೆ ಅಲ್ಲಿ ಸುಟ್ಟುಹೋದ. ಈ ಅಪಘಾತದ ಮೇಲೆ ಫ್ರಾನ್ಸಿನಲ್ಲಿ ಪ್ರಯಾಣಿಕರನ್ನು ಬೀಗ ಹಾಕಿ ಕೂರಿಸುವುದು ನಿಂತಿತು.

ಬೀಗದ ಪ್ರಶ್ನೆ ಬೇಗ ತೀರಿತು. ಅಚ್ಚಿನ ಪ್ರಶ್ನೆ ತೀರಲಿಲ್ಲ. ಮುರಿದ ಅಚ್ಚುಗಳನ್ನು ನೋಡಿದವರಿಗೆ ಒಡೆದ ಜಾಗದಲ್ಲಿ ಸಕ್ಕರೆಯಂತೆ ಹರಳು ಹರಳು ಕಾಣುತ್ತಿತ್ತು. ಹೊಸ ಕಬ್ಬಿಣ ಎಳೆ ಎಳೆಯಾಗಿರುತ್ತದೆ, ಅಲುಗಾಟಕ್ಕೆ ಸಿಕ್ಕಿ ಕ್ರಮೇಣ ಹರಳುಗಟ್ಟಿ ಬಲ ಕಳೆದುಕೊಳ್ಳುತ್ತದೆ ಎಂದು ದೊಡ್ಡ ದೊಡ್ಡ ಎಂಜಿನಿಯರುಗಳೂ ನಂಬಿದರು. ಒಟ್ಟಿನಲ್ಲಿ ಅದು ಕಬ್ಬಿಣದ ಹಣೆಬರಹ ಎಂದಾಯಿತು.

1843ರಲ್ಲಿ ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಸ್ಕಾಟ್ಲೆಂಡಿನ ವಿಲಿಯಂ ರ‍್ಯಾಂಕಿನ್ ಬೇರೆ ಮಾತು ಹೇಳಿದ. ಮುರಿದ ಅಚ್ಚುಗಳನ್ನು ಎದುರಿಗಿಟ್ಟುಕೊಂಡು ನೋಡಿದ ಅವನಿಗೆ ಹರಳಿಗಿಂತ ಮೊದಲು ಇನ್ನೊಂದು ಭಾಗ ಕಂಡಿತು. ಅಂಚಿನ ಸುತ್ತ ನುಣುಪಾದ ಒಂದು ಪಟ್ಟಿ. ಅಂದರೆ ಬಿರುಕು ಹೊರಮೈಯಲ್ಲಿ ಹುಟ್ಟಿ, ನಿಧಾನವಾಗಿ ಒಳಗೆ ಇಳಿದು, ಉಳಿದ ನಡುಭಾಗ ಭಾರ ತಾಳದಷ್ಟು ಸಣ್ಣದಾದಾಗ ಒಂದೇ ಏಟಿಗೆ ಮುರಿದಿದೆ. ಬಿರುಕು ಹುಟ್ಟುತ್ತಿದ್ದದ್ದು ಅಚ್ಚಿನ ದಪ್ಪ ಥಟ್ಟನೆ ಕಡಿಮೆಯಾಗುವ ಮೂಲೆಯಲ್ಲಿ. ಆ ಮೂಲೆಯನ್ನು ಚೂಪಾಗಿ ಬಿಡದೆ ದುಂಡಗೆ ತಿರುವಿ ಎಂದ. ಇವತ್ತಿಗೂ ಲೇತ್‌ನಲ್ಲಿ ಶಾಫ್ಟ್ ತಿರುವುವ ಕೆಲಸಗಾರ ಮೆಟ್ಟಿಲಿನ ಮೂಲೆಯಲ್ಲಿ ರೇಡಿಯಸ್ ಬಿಡುವುದು ಇದಕ್ಕೇ.

ಕೋಟಿ ಸುತ್ತಿನ ಲೆಕ್ಕ

ಇದನ್ನು ಲೆಕ್ಕಕ್ಕೆ ತಂದವನು ಜರ್ಮನಿಯ ಆಗಸ್ಟ್ ವೋಲರ್. ಪ್ರಷ್ಯಾದ ರೈಲ್ವೆಯಲ್ಲಿ ಎಂಜಿನಿಯರು. ಓಡುವ ರೈಲಿನ ಅಚ್ಚು ನಿಜಕ್ಕೂ ಎಷ್ಟು ಬಾಗುತ್ತದೆ ಎಂದು 1850ರ ದಶಕದ ಕೊನೆಯಲ್ಲಿ ಸತುವಿನ ತಗಡಿನ ಮೇಲೆ ಗೀರು ಎಳೆಯುವ ಉಪಕರಣ ಕಟ್ಟಿ ಅಳೆದ. ಆಮೇಲೆ ಕಾರ್ಖಾನೆಯಲ್ಲಿ ಅಚ್ಚಿನ ತುಂಡುಗಳನ್ನು ಯಂತ್ರಕ್ಕೆ ಕೊಟ್ಟು, ಭಾರ ಹೇರಿ, ತಿರುಗಿಸುತ್ತಲೇ ಹೋದ. ಕೆಲವು ಸಾವಿರಗಳಲ್ಲಿ ಮುರಿದವು, ಕೆಲವು ಲಕ್ಷಗಳಲ್ಲಿ. ಕೆಲವು ಕೋಟಿಗಟ್ಟಲೆ ಸುತ್ತಿದರೂ ಮುರಿಯಲಿಲ್ಲ. 1870ರವರೆಗೆ ಈ ಕೆಲಸ ನಡೆಯಿತು.

ಅವನು ಕಂಡುಕೊಂಡದ್ದು ಎರಡು ವಿಷಯ. ಒಂದೇ ಸಲಕ್ಕೆ ಮುರಿಯಲು ಬೇಕಾದ ಭಾರಕ್ಕಿಂತ ಬಹಳ ಕಡಿಮೆ ಭಾರದಲ್ಲೂ ಮತ್ತೆ ಮತ್ತೆ ಬಾಗಿಸಿದರೆ ಉಕ್ಕು ಮುರಿಯುತ್ತದೆ. ಆದರೆ ಒಂದು ಮಿತಿಯ ಕೆಳಗಿದ್ದರೆ ಎಷ್ಟು ತಿರುಗಿಸಿದರೂ ಮುರಿಯುವುದಿಲ್ಲ. ಆ ಮಿತಿಯ ಮೇಲೆ ಸ್ವಲ್ಪವೇ ಹೋದರೂ ಆಯಸ್ಸು ಬಹಳ ಬೇಗ ಇಳಿಯುತ್ತದೆ. ಓವರ್‌ಲೋಡ್ ಬಗ್ಗೆ ಹೇಳಬೇಕಾದ್ದೆಲ್ಲ ಇದರಲ್ಲಿದೆ. ‘ನಿನ್ನೆಯೂ ಇಷ್ಟೇ ಲೋಡ್ ಹೊಡೆದಿದ್ದೆ, ಏನೂ ಆಗಲಿಲ್ಲ’ ಎನ್ನುವುದು ವಾದ ಆಗುವುದಿಲ್ಲ. ನಿನ್ನೆಯ ಲೋಡನ್ನೂ ಅಚ್ಚು ಬರೆದಿಟ್ಟುಕೊಂಡಿದೆ.

ಉಕ್ಕಿನ ಈ ಕಾಯಿಲೆಗೆ ಹೆಸರು ದಣಿವು. ದಣಿವು ಸವೆತದಂತಲ್ಲ, ಅದು ಸದ್ದು ಮಾಡುವುದಿಲ್ಲ. 1903ರಲ್ಲಿ ಯೂಯಿಂಗ್ ಮತ್ತು ಹಂಫ್ರಿ ಎಂಬ ಇಬ್ಬರು ಸೂಕ್ಷ್ಮದರ್ಶಕದಲ್ಲಿ ಅದರ ಹುಟ್ಟನ್ನೇ ನೋಡಿದರು. ಲೋಹದ ಹರಳಿನೊಳಗೆ ಪದರಗಳು ಜಾರಿ ಗೆರೆ ಮೂಡುತ್ತವೆ, ಗೆರೆ ಅಗಲವಾಗಿ ಬಿರುಕಾಗುತ್ತದೆ. ಹರಳು ಮೊದಲಿನಿಂದಲೂ ಇತ್ತು, ಕಬ್ಬಿಣ ಹೊಸದಾಗಿ ಹರಳುಗಟ್ಟುವುದಿಲ್ಲ ಎನ್ನುವುದೂ ಖಚಿತವಾಯಿತು.

ಕಾರಿಗೆ ಬಂದಾಗ

ಮೋಟಾರು ಕಾರು ಈ ಕಾಯಿಲೆಯನ್ನು ಬಳುವಳಿಯಾಗಿ ಪಡೆಯಿತು. ಅದಕ್ಕೆ ಭಾರದ ಜೊತೆ ತಿರುಚುವ ಬಲವೂ ಸೇರಿತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಆಕ್ಸಲ್‌ಗಳಿಗೆ ವನೇಡಿಯಂ ಬೆರೆಸಿದ ಗಟ್ಟಿ ಉಕ್ಕು ಬಳಸಿದ್ದು ಕೆಟ್ಟ ರಸ್ತೆಗಳ ಲೆಕ್ಕ ಹಾಕಿಯೇ.

ಆಗ ಹಿಂದಿನ ಗಾಲಿಗಳೇ ಕಾರನ್ನು ತಳ್ಳುತ್ತಿದ್ದವು. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಎರಡೂ ಆ ಜಾತಿ. ಮುಂದಿನ ಗಾಲಿಯೇ ಎಳೆಯಬೇಕೆಂದರೆ ಗಾಲಿ ಅತ್ತಿತ್ತ ತಿರುಗುವಾಗಲೂ ಶಕ್ತಿ ಸಮನಾಗಿ ಸಾಗಬೇಕು. 1926ರ ಹೊತ್ತಿಗೆ ಫ್ರಾನ್ಸಿನ ಗ್ರೆಗ್ವಾರ್ ಮತ್ತು ಫೆನೈ ಅಂಥ ಒಂದು ಕೀಲು ಮಾಡಿದರು. ಅದೇ ಕಾಲಕ್ಕೆ ಆಲ್ಫ್ರೆಡ್ ರ್ಜೆಪ್ಪಾ ಬಟ್ಟಲಿನೊಳಗೆ ಉಕ್ಕಿನ ಗುಂಡುಗಳನ್ನಿಟ್ಟ ಕೀಲು ರೂಪಿಸಿದ. 1959ರ ಬ್ರಿಟನ್ನಿನ ಮಿನಿ ಕಾರು ಅದನ್ನು ಮನೆಮನೆಗೆ ತಂದಿತು. ನಮ್ಮಲ್ಲಿ ಆ ಕೆಲಸ ಮಾಡಿದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. ಮೇಸ್ತ್ರಿಗಳು ‘ಸಿವಿ ಜಾಯಿಂಟ್’ ಎನ್ನುವುದು ಇದನ್ನೇ.

ಸ್ವಾರಸ್ಯ ಏನೆಂದರೆ, ಈ ಕೀಲಿನ ಮೂಲಕ ಕಾರಿನ ಆಕ್ಸಲ್‌ಗೆ ಎತ್ತಿನ ಗಾಡಿಯ ಗುಣ ಮತ್ತೆ ಬಂತು. ಅದು ಸದ್ದು ಮಾಡಿ ಹೇಳುತ್ತದೆ.

ಹೇಳಿ ಹೋಗುವ ಆಕ್ಸಲ್

ಕೀಲಿನ ಮೇಲೆ ಸುಕ್ಕು ಸುಕ್ಕಾದ ರಬ್ಬರ್ ಬೂಟ್ ಇರುತ್ತದೆ, ಒಳಗೆ ಗ್ರೀಸ್. ಅದೇ ಇವತ್ತಿನ ಕೀಲೆಣ್ಣೆ. ಬೂಟ್ ಹರಿದರೆ ತಿರುಗುವ ರಭಸಕ್ಕೆ ಗ್ರೀಸ್ ಹೊರಗೆ ಎರಚುತ್ತದೆ, ಧೂಳು ಕೆಸರು ಒಳಗೆ ಸೇರುತ್ತದೆ. ಗಾಲಿಯ ಒಳಮೈಯಲ್ಲಿ ಕಪ್ಪು ಗ್ರೀಸ್ ಸಿಡಿದಿದ್ದರೆ ಅದೇ ಮೊದಲ ಸುಳಿವು. ಈ ಹಂತದಲ್ಲಿ ಸದ್ದಿಲ್ಲದಿದ್ದರೆ ಕೀಲು ಬಿಚ್ಚಿ ತೊಳೆದು, ನೋಡಿ, ಹೊಸ ಗ್ರೀಸ್ ತುಂಬಿ ಬೂಟ್ ಮಾತ್ರ ಬದಲಿಸಿದರೆ ಸಾಕು. ಖರ್ಚು ಕಡಿಮೆ ಇರುವ ಹಂತ ಇದೊಂದೇ.

ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಮುಂದೆ ಹೋಗುವಾಗ ಟಕ್ ಟಕ್ ಟಕ್ ಎಂದರೆ ಗಾಲಿ ಕಡೆಯ ಕೀಲು ಸವೆದಿದೆ. ಈಗ ಗ್ರೀಸ್ ತುಂಬಿದರೆ ಸದ್ದು ನಾಲ್ಕು ದಿನ ಅಡಗಬಹುದು, ಸವೆದ ಗುಂಡು ವಾಪಸ್ ಬೆಳೆಯುವುದಿಲ್ಲ. ಕೀಲು ಅಥವಾ ಇಡೀ ಶಾಫ್ಟ್ ಬದಲಿಸಬೇಕು. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಕಾರು ನಡುಗಿ, ಕಾಲು ತೆಗೆದಾಗ ನಡುಕ ನಿಂತರೆ ಗೇರ್‌ಬಾಕ್ಸ್ ಕಡೆಯ ಕೀಲನ್ನು ಅನುಮಾನಿಸಬೇಕು. ವೇಗದ ಜೊತೆ ಏರುವ ಗುಂಯ್ ಎಂಬ ಸದ್ದು ಹೆಚ್ಚಾಗಿ ಗಾಲಿಯ ಬೇರಿಂಗಿನದು. ಅದಕ್ಕಾಗಿ ಆಕ್ಸಲ್ ಬದಲಿಸಿ ದುಡ್ಡು ಕಳೆದುಕೊಳ್ಳಬೇಡಿ.

ಒಂದು ಎಚ್ಚರಿಕೆ. ಸಾಮಾನ್ಯ ಕಾರುಗಳಲ್ಲಿ ಎರಡು ಕಡೆಯ ಶಾಫ್ಟ್‌ಗಳಲ್ಲಿ ಒಂದು ತುಂಡಾದರೂ ಶಕ್ತಿಯೆಲ್ಲ ತುಂಡಾದ ಕಡೆಗೇ ಹರಿದು ಕಾರು ಮುಂದೆ ಹೋಗುವುದಿಲ್ಲ. ಇಳಿಜಾರಿನಲ್ಲಿ ಗೇರಿನಲ್ಲಿ ಬಿಟ್ಟರೂ ನಿಲ್ಲುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಗಾಲಿಗೆ ಕಲ್ಲು ಕೊಡಬೇಕು.

ಹೇಳದೆ ಹೋಗುವ ಆಕ್ಸಲ್

ಹಿಂದಿನ ಗಾಲಿ ತಿರುಗುವ ಬಹಳಷ್ಟು ವಾಹನಗಳಲ್ಲಿ ಕಥೆ ಬೇರೆ. ದೊಡ್ಡ ಲಾರಿಗಳಲ್ಲಿ ಗಾಲಿಯ ಹಬ್ ಹೊರಗಿನ ಹೌಸಿಂಗ್ ಮೇಲೆ ಕೂತಿರುತ್ತದೆ. ಒಳಗಿನ ಶಾಫ್ಟ್‌ಗೆ ತಿರುಗಿಸುವ ಕೆಲಸ ಮಾತ್ರ. ಅದು ಮುರಿದರೆ ಲಾರಿ ನಿಲ್ಲುತ್ತದೆ, ಗಾಲಿ ಬೀಳುವುದಿಲ್ಲ. ಹಗುರ ವಾಹನಗಳಲ್ಲಿ ಅನೇಕ ಕಡೆ ಶಾಫ್ಟೇ ಭಾರವನ್ನೂ ಹೊರುತ್ತದೆ. ಅಲ್ಲಿ ಮುರಿದರೆ ಗಾಲಿಯೇ ಹೊರಗೆ ಬರಬಹುದು. ಸಣ್ಣ ಕಾರಿನ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 600 ಸುತ್ತು ತಿರುಗುತ್ತದೆ ಎಂದುಕೊಂಡರೆ, 1 ಲಕ್ಷ ಕಿ.ಮೀ.ಗೆ 6 ಕೋಟಿ ಸುತ್ತು. ಆರೋಗ್ಯವಾಗಿರುವ ಶಾಫ್ಟ್ ಅದನ್ನು ತಾಳುತ್ತದೆ. ಮೈಮೇಲೆ ಗಾಯ ಇರುವ ಶಾಫ್ಟ್ ತಾಳದು.

ಆ ಗಾಯಗಳನ್ನು ಗುರುತಿಸುವುದೇ ಬದಲಾಯಿಸುವ ಸಮಯ ತಿಳಿಯುವ ದಾರಿ. ಬೇರಿಂಗ್, ಸೀಲ್ ಕೂರುವ ಜಾಗದಲ್ಲಿ ತೋಡು ಬಿದ್ದಿದ್ದರೆ, ತುಕ್ಕು ಹಿಡಿದು ಗುಳಿ ಎದ್ದಿದ್ದರೆ, ಹಲ್ಲುಗಳ ಸಾಲು ನೇರವಾಗಿರದೆ ಹಗ್ಗದಂತೆ ತಿರುಚಿಕೊಂಡಿದ್ದರೆ ಆ ಶಾಫ್ಟ್ ಮತ್ತೆ ಒಳಗೆ ಹೋಗಬಾರದು. ಅಪಘಾತದಲ್ಲಿ ಬಾಗಿದ್ದನ್ನು ಕಾಯಿಸಿ ಬಡಿದು ನೆಟ್ಟಗೆ ಮಾಡುವುದು, ತುಂಡಾದುದನ್ನು ವೆಲ್ಡಿಂಗ್ ಹಾಕಿಸುವುದು ನಮ್ಮ ರಸ್ತೆಬದಿಗಳಲ್ಲಿ ನಡೆಯುತ್ತಲೇ ಇದೆ. ಕಾರ್ಖಾನೆಯಲ್ಲಿ ಶಾಖ ಕೊಟ್ಟು ಹದ ಮಾಡಿದ ಉಕ್ಕು ವೆಲ್ಡಿಂಗ್ ಬಿಸಿಗೆ ಆ ಹದ ಕಳೆದುಕೊಳ್ಳುತ್ತದೆ, ಬೆಸುಗೆಯ ಅಂಚು ರ‍್ಯಾಂಕಿನ್ ಹೇಳಿದ ಚೂಪು ಮೂಲೆಯ ಕೆಲಸ ಮಾಡುತ್ತದೆ. ಉಳಿಯುವುದು ಕೆಲವು ಸಾವಿರ ರೂಪಾಯಿ, ಪಣಕ್ಕಿರುವುದು ಒಳಗೆ ಕೂತವರ ಜೀವ.

ಬಿರುಕು ಕಣ್ಣಿಗೆ ಕಾಣದಷ್ಟು ಸಣ್ಣದಿದ್ದಾಗ ಹಿಡಿಯಲು ರೈಲ್ವೆಯವರು ಕಾಂತೀಯ ಪುಡಿ, ಶಬ್ದಾತೀತ ತರಂಗ ಎರಡನ್ನೂ ಬಳಸುತ್ತಾರೆ. 1984ರಿಂದ ನಮ್ಮ ಯಲಹಂಕದಲ್ಲೇ ರೈಲಿನ ಗಾಲಿ ಮತ್ತು ಅಚ್ಚು ತಯಾರಾಗುತ್ತಿವೆ. ಇಷ್ಟೆಲ್ಲ ಇದ್ದೂ 2009ರ ಜೂನ್ 29ರಂದು ಇಟಲಿಯ ವಿಯಾರೆಜ್ಜೊದಲ್ಲಿ ಗ್ಯಾಸ್ ಟ್ಯಾಂಕರ್ ರೈಲಿನ ಒಂದು ಅಚ್ಚು ಮುರಿದು, ಅನಿಲ ಸೋರಿ ಬೆಂಕಿ ಹತ್ತಿ 32 ಜನ ಸತ್ತರು. ಬಿರುಕು ತುಕ್ಕಿನ ಗುಳಿಯಿಂದ ಶುರುವಾಗಿತ್ತು. ವೋಲರ್ ಲೆಕ್ಕ ಬರೆದು ಒಂದೂವರೆ ಶತಮಾನ ಕಳೆದರೂ ಪರೀಕ್ಷೆಯಲ್ಲಿ ಸಡಿಲ ಬಿಟ್ಟರೆ ಲೆಕ್ಕ ಬದಲಾಗುವುದಿಲ್ಲ.

ನಮ್ಮ ಊರಿನ ಗ್ಯಾರೇಜಿನಲ್ಲಿ ಅಂಥ ಯಂತ್ರಗಳಿಲ್ಲ. ಆದರೆ ಬ್ರೇಕ್ ಕೆಲಸಕ್ಕೆ ಗಾಲಿ ಬಿಚ್ಚಿದ ದಿನ ಬೂಟ್ ಹಿಸುಕಿ ನೋಡುವುದು, ಡ್ರಮ್ಮಿನೊಳಗೆ ಎಣ್ಣೆ ಸೋರಿದೆಯೇ ಎಂದು ಬೆರಳಾಡಿಸುವುದು, ಹೊರತೆಗೆದ ಶಾಫ್ಟನ್ನು ಸೀಮೆಎಣ್ಣೆಯಲ್ಲಿ ಒರೆಸಿ ಬೆಳಕಿಗೆ ಹಿಡಿಯುವುದು ಎಲ್ಲರ ಕೈಲಾಗುವ ಕೆಲಸ.

ಇನ್ನೊಂದು ಕೆಲಸ ನಮ್ಮಂಥ ವರದಿಗಾರರದು. ಮುರಿದ ಆಕ್ಸಲ್ ಗುಜರಿಗೆ ಹೋಗುವ ಮೊದಲು ಅದರ ಒಡೆದ ಮುಖವನ್ನು ನೋಡಬೇಕು, ಫೋಟೊ ತೆಗೆದುಕೊಳ್ಳಬೇಕು. ಇಡೀ ಮುಖ ಹೊಸದಾಗಿ ಒರಟಾಗಿದ್ದರೆ ಅದು ಒಂದೇ ಏಟಿನ ಮುರಿತ. ಒಂದು ಅಂಚಿನಿಂದ ಕೆರೆಯ ದಡದ ಅಲೆಗೆರೆಗಳಂತೆ ನುಣುಪು ಗೆರೆಗಳು ಸಾಗಿ ಬಂದು, ಹಳೆಯ ಭಾಗ ಕಪ್ಪಾಗಿ, ಕೊನೆಯ ಚೂರು ಮಾತ್ರ ಹರಳು ಹರಳಾಗಿ ಹೊಳೆಯುತ್ತಿದ್ದರೆ ಆ ಬಿರುಕು ಒಳಗೇ ಬೆಳೆಯುತ್ತಿದ್ದು ಬಹಳ ದಿನವಾಗಿದೆ. ಆಗ ‘ಆಕಸ್ಮಿಕ’ ಎಂಬ ಪದ ಬಿಟ್ಟು, ಎಷ್ಟು ಲೋಡ್ ಇತ್ತು, ಕಡೆಯ ಸಲ ಗಾಲಿ ಬಿಚ್ಚಿದ್ದು ಯಾವಾಗ, ಶಾಫ್ಟ್ ಹೊಸದೋ ವೆಲ್ಡಿಂಗಿನದೋ ಎಂದು ಕೇಳಬೇಕು. ಉತ್ತರ ಸಿಕ್ಕಷ್ಟನ್ನು ಬರೆಯಬೇಕು.